ಮಾವ ಕೂರುತ್ತಿದ್ದ ಸೀಟು

ಎಡಗಾಲು ಒತ್ತಿದರೆ ಕ್ಲಚ್ಚು, ಬಲಗಾಲು ಒತ್ತಿದರೆ ಬ್ರೇಕು. ಐದು ವರ್ಷದಲ್ಲಿ ಹಲ್ಲುಮೇಸ್ತ್ರಿಯ ಬೆನ್ನು ಇದನ್ನು ಚೆನ್ನಾಗಿ ಕಲಿತಿತ್ತು. ಜೀಪಿನ ಹಿಂದಿನ ಸೀಟಿನಲ್ಲಿ ಕೂರುವ ಮಾವ ತಿರುವು ಕಂಡ ಕೂಡಲೇ ಎರಡೂ ಕಾಲನ್ನು ಮುಂದಿನ ಸೀಟಿಗೆ ಊರಿ ಒದೆಯುತ್ತಿದ್ದರು. ಆ ಸೀಟಿನ ಸವೆದ ಸ್ಪಂಜು ಒದೆಯನ್ನು ತಡೆಯುತ್ತಿರಲಿಲ್ಲ, ಇದ್ದದ್ದು ಇದ್ದಂತೆ ಗಾಡಿ ಓಡಿಸುವ ಅಳಿಯ ಹಲ್ಲುಮೇಸ್ತ್ರಿಯ ಸೊಂಟಕ್ಕೆ ಮುಟ್ಟಿಸುತ್ತಿತ್ತು.

ಮಾವ ಮೂವತ್ತೊಂದು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿದವರು. ಊರಿನಲ್ಲಿ ಸ್ಟೀರಿಂಗ್ ಹಿಡಿದ ಅರ್ಧ ಜನ ಅವರಿಂದ ಬೈಸಿಕೊಂಡೇ ಲೈಸೆನ್ಸು ತೆಗೆದುಕೊಂಡಿದ್ದರು. ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕು ಇರುತ್ತದೆ. ನಿವೃತ್ತರಾದ ಮೇಲೆ ಬ್ರೇಕು ಸ್ಕೂಲಿನಲ್ಲೇ ಉಳಿಯಿತು, ಕಾಲು ಮಾತ್ರ ಮಗಳ ಮನೆಗೆ ಬಂತು.

ಕಾಲಿನ ಜೊತೆ ಬಾಯಿಯೂ ಬಂದಿತ್ತು. ‘ಅಳಿಯಂದ್ರೇ, ಗೇರ್ ಬದಲಾಯಿಸ್ತೀರೋ, ಇಲ್ಲ ಇಂಜಿನ್ನೇ ಕೈಮುಗಿದು ಕೇಳ್ಕೋಬೇಕೋ?’ ‘ಅಳಿಯಂದ್ರೇ, ಕನ್ನಡಿ ಇರೋದು ತಲೆ ಬಾಚ್ಕೊಳ್ಳೋಕಲ್ಲ.’ ಈ ಮಾತುಗಳು ಹೊರಬರುತ್ತಿದ್ದ ಹಲ್ಲುಗಳನ್ನು ಮಾಡಿದವನು ಸ್ವತಃ ಹಲ್ಲುಮೇಸ್ತ್ರಿಯೇ. ಅವನ ಕಸುಬು ಅದು. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಪ್ಲಾಸ್ಟರಿನ ಅಚ್ಚು ತೆಗೆದು, ಮೇಣದಲ್ಲಿ ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ಒಸಡು ಬೇಯಿಸಿ, ಉಜ್ಜಿ ಹೊಳಪು ಕೊಡುವುದು. ಹಲ್ಲುಮೇಸ್ತ್ರಿ ಎನ್ನುವ ಹೆಸರನ್ನು ಇಟ್ಟಿದ್ದು ಜೀಪು ಕ್ಲಬ್ಬಿನವರು. ಮಾವನ ಬಾಯಿಗೆ ಅವನು ಕೊಟ್ಟ ಸೆಟ್ಟು ಅವನ ಜೀವನದ ಅತ್ಯುತ್ತಮ ಕೆಲಸಗಳಲ್ಲಿ ಒಂದು. ಎಷ್ಟು ಮಾತಾಡಿದರೂ ಅಲುಗುತ್ತಿರಲಿಲ್ಲ. ಇದಕ್ಕಾಗಿ ಅವನು ತನ್ನನ್ನು ಕ್ಷಮಿಸಿಕೊಂಡಿರಲಿಲ್ಲ.

ಆದರೂ ವಾರದ ಸುತ್ತಾಟದ ಮಟ್ಟಿಗೆ ಎಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಕಳೆದ ವರ್ಷದ ಬೆಟ್ಟದ ಓಟ. ಕ್ಲಬ್ಬಿನಲ್ಲಿ ಹನ್ನೊಂದು ಜೀಪು. ವರ್ಷಕ್ಕೊಮ್ಮೆ ಹನ್ನೊಂದೂ ಸಾಲಾಗಿ ಒಣ ಹೊಳೆ ದಾಟಿ, ಕಲ್ಲು ಏರನ್ನು ಹತ್ತಿ, ಮೇಲೆ ಡೇರೆ ಹಾಕಿ ಒಂದು ರಾತ್ರಿ ಕಳೆದು ಬರಬೇಕು. ಹೋದ ಸಲ ಆ ಏರಿನ ಬುಡದಲ್ಲಿ ಹಲ್ಲುಮೇಸ್ತ್ರಿ ಉಸಿರು ಬಿಗಿಹಿಡಿದು ಗೇರು ಹಾಕಿದ ಹೊತ್ತಿಗೆ ಮಾವ ಹಿಂದಿನ ಬಾಗಿಲು ತೆಗೆದು ಇಳಿದೇಬಿಟ್ಟರು. ಜೀಪಿನ ಮುಂದೆ ಹೋಗಿ, ಸೊಂಟಕ್ಕೆ ಕೈಕೊಟ್ಟು ನಿಂತು, ‘ಇದನ್ನ ಹತ್ತೋಕೆ ನಿಮಗೆ ಲೈಸೆನ್ಸ್ ಕೊಟ್ಟ ಪುಣ್ಯಾತ್ಮ ಯಾರು? ಹೆಸರು ಹೇಳಿ, ನಾನೇ ಹೋಗಿ ಮಾತಾಡ್ತೀನಿ’ ಎಂದರು. ಮುಂದೆ ಹೋದ ಹತ್ತು ಜೀಪಿನವರು ಮೇಲಿನಿಂದ ನೋಡುತ್ತಿದ್ದರು. ಹಲ್ಲುಮೇಸ್ತ್ರಿ ಗಾಡಿ ತಿರುಗಿಸಿದ. ವರ್ಷಾಂತ್ಯದ ಊಟದಲ್ಲಿ ಕ್ಲಬ್ಬು ಅವನಿಗೆ ಚಪ್ಪಾಳೆಯೊಂದಿಗೆ ಬಹುಮಾನ ಕೊಟ್ಟಿತು. ಪ್ಲಾಸ್ಟಿಕ್ಕಿನ ಮೂರು ಚಕ್ರದ ಸೈಕಲ್ಲು, ಗಂಟೆ ಸಮೇತ.

ಈ ವರ್ಷ ಅವನು ಆ ಏರನ್ನು ಹತ್ತಲೇಬೇಕಿತ್ತು. ಮಾವ ಜೊತೆಗಿದ್ದರೆ ಹತ್ತಲಾಗುವುದಿಲ್ಲ. ಮಾವ ಇರುವುದು ಹಿಂದಿನ ಸೀಟಿನಲ್ಲಿ. ಆದ್ದರಿಂದ ಹಿಂದಿನ ಸೀಟು ಇರಬಾರದು. ಅವನ ತರ್ಕದಲ್ಲಿ ಎಲ್ಲೂ ಸಂದು ಇರಲಿಲ್ಲ.

ಮೊದಲು ಅವನು ನೇರ ದಾರಿಯನ್ನೇ ಹಿಡಿದ. ಒಂದು ಸಂಜೆ ಹೆಂಡತಿಗೆ ಮೊಬೈಲಿನಲ್ಲಿ ಚಿತ್ರ ತೋರಿಸಿದ. ಹಿಂದಿನ ಸೀಟು ಬಿಚ್ಚಿಟ್ಟು ಆ ಜಾಗದಲ್ಲಿ ಎರಡು ಡ್ರಾಯರಿನ ಅಲ್ಯೂಮಿನಿಯಂ ಪೆಟ್ಟಿಗೆ ಕೂರಿಸಿದ ಜೀಪು. ಜಾಕು, ಎಳೆಯುವ ಹಗ್ಗ, ಸಲಿಕೆ, ಒಲೆ, ಎಲ್ಲ ಅದರದರ ಜಾಗದಲ್ಲಿ.

‘ಚೆನ್ನಾಗಿದೆ’ ಎಂದಳು ಅವಳು. ‘ಅಪ್ಪ ಯಾವ ಡ್ರಾಯರ್‌ನಲ್ಲಿ ಮಲಗ್ತಾರೆ?’

‘ಒಂದೆರಡು ಸಲ ಮಾವ ಮನೇಲಿರಲಿ ಅಂತ...’

‘ರೀ, ಅವರಿಗೆ ವಾರಕ್ಕೆ ಇರೋದು ಅದೊಂದೇ ಖುಷಿ. ಆ ಮಾತು ಇನ್ನೊಂದು ಸಲ ಎತ್ತಬೇಡಿ.’

ಎತ್ತಲಿಲ್ಲ. ಪೆಟ್ಟಿಗೆಯ ಆಸೆ ಅವನಿಗಿದೆ ಎಂದು ಅವಳಿಗೆ ತಿಳಿದುಹೋಯಿತು, ಅಷ್ಟೇ ನಷ್ಟ. ಅದನ್ನೂ ಅವನು ಲೆಕ್ಕಕ್ಕೆ ತೆಗೆದುಕೊಂಡ. ತಾನು ಸೀಟು ತೆಗೆಯುವ ಹಾಗಿಲ್ಲ. ಸರಿ, ಬೇರೆ ಯಾರೋ ತೆಗೆದರೆ?

ತನ್ನ ವಸ್ತುವನ್ನು ತಾನೇ ಕದಿಯುವುದರ ಸೊಗಸು ಅವನಿಗೆ ಹೊಳೆದದ್ದು ಆಗ. ಕಳ್ಳರು ಸಿಕ್ಕಿಬೀಳುವುದು ಬೇರೆಯವರ ಮನೆಯ ನಾಯಿ, ಬೀಗ, ಅಕ್ಕಪಕ್ಕದವರು ಇಂಥವುಗಳಿಂದ. ಅವನಿಗೆ ಇದ್ಯಾವುದೂ ಇಲ್ಲ. ಬೀಗದ ಕೈ ತನ್ನ ಜೇಬಿನಲ್ಲೇ ಇದೆ. ಸಿಕ್ಕಿಬಿದ್ದರೆ ದೂರು ಕೊಡಬೇಕಾದವನೂ ತಾನೇ. ಇಂಥ ಅಪರಾಧವನ್ನು ಜನ ಇನ್ನೂ ಹೆಚ್ಚಾಗಿ ಯಾಕೆ ಮಾಡುತ್ತಿಲ್ಲ ಎಂದು ಅವನಿಗೆ ನಿಜವಾಗಿ ಆಶ್ಚರ್ಯವಾಯಿತು.

ಓಟಕ್ಕೆ ಎಂಟು ವಾರ ಇತ್ತು. ಅವನು ಆತುರಪಡಲಿಲ್ಲ. ಒಸಡು ಬೇಯಿಸುವವನಿಗೆ ಆತುರ ಆಗಿಬರುವುದಿಲ್ಲ, ನೀರು ಬೇಗ ಕುದಿಸಿದರೆ ಒಳಗೆ ಗುಳ್ಳೆ ಬರುತ್ತದೆ.

ಭಾನುವಾರ ಮಧ್ಯಾಹ್ನ ಮಾವ ಮಲಗಿದ ಮೇಲೆ ಜೀಪು ತೊಳೆಯುವ ನೆಪದಲ್ಲಿ ಸೀಟನ್ನು ಅಭ್ಯಾಸ ಮಾಡಿದ. ಆ ಸೀಟು ಕಳಚಿ ಇಡುವಂಥದ್ದೇ. ಮುಂದೆ ಎರಡು ಕೊಕ್ಕೆ, ಹಿಂದೆ ಎರಡು ಚಿಲಕ, ಮಧ್ಯೆ ಒತ್ತುವ ಒಂದು ಸನ್ನೆಕೋಲು. ಹಾಗೆಂದು ಕಂಪನಿಯ ಪುಸ್ತಕ ಹೇಳುತ್ತಿತ್ತು. ಸೀಟಿಗೆ ಆ ಪುಸ್ತಕ ಗೊತ್ತಿರಲಿಲ್ಲ. ಮೊದಲ ಭಾನುವಾರ ನಲವತ್ತು ನಿಮಿಷ ಹಿಡಿದು ಹೆಬ್ಬೆರಳಿನ ಉಗುರು ಕಪ್ಪಾಯಿತು. ಐದನೆಯ ಭಾನುವಾರದ ಹೊತ್ತಿಗೆ ಮೂರು ನಿಮಿಷಕ್ಕೆ ಇಳಿದಿತ್ತು. ಸನ್ನೆಯನ್ನು ಕೆಳಗೆ ಒತ್ತಿ, ಮೊಣಕಾಲಿನಿಂದ ಸೀಟನ್ನು ಹಿಂದಕ್ಕೆ ತಳ್ಳಿ, ಬಲ ಚಿಲಕವನ್ನು ಮೊದಲು ಬಿಡಿಸಬೇಕು. ಅವನು ಅದನ್ನು ಸ್ನಾನ ಮಾಡುವಾಗಲೂ ಗಾಳಿಯಲ್ಲಿ ಮಾಡಿ ನೋಡುತ್ತಿದ್ದ.

ನಂತರ ಅಳತೆ. ಟೇಪು ಹಿಡಿದರೆ ಕೊಕ್ಕೆಯ ಗುಳಿಯ ಒಳಗಿನ ಆಕಾರ ಸಿಗುವುದಿಲ್ಲ. ಬಾಯಿಯ ಅಚ್ಚು ತೆಗೆಯುವ ಗುಲಾಬಿ ಹಿಟ್ಟನ್ನು ಎರಡು ಕೇಜಿ ಕಲಸಿ ಜೀಪಿನ ನೆಲದ ನಾಲ್ಕೂ ಗುಳಿಗಳಿಗೆ ತುಂಬಿದ. ಗಟ್ಟಿಯಾಗಲು ಮೂರು ನಿಮಿಷ. ಪುದೀನದ ಪರಿಮಳ. ಅಷ್ಟರಲ್ಲಿ ಮಾವ ಎದ್ದು ಹೊರಗೆ ಬಂದು ಮೂಗರಳಿಸಿ, ‘ಜೀಪಿಗೂ ಹಲ್ಲುಜ್ಜಿಸ್ತಿದೀರಾ ಅಳಿಯಂದ್ರೇ?’ ಎಂದರು. ‘ಶಾಂಪೂ ಮಾವ’ ಎಂದ ಅವನು. ಧ್ವನಿ ಸ್ವಲ್ಪವೂ ನಡುಗಲಿಲ್ಲ. ಅಪರಾಧಕ್ಕೆ ಬೇಕಾದ ಗುಣ ತನ್ನಲ್ಲಿದೆ ಎಂದು ಅವನಿಗೆ ಅವತ್ತೇ ಖಾತ್ರಿಯಾದದ್ದು.

ಆ ಅಚ್ಚಿನಿಂದ ಪ್ಲಾಸ್ಟರಿನ ನಕಲು ತೆಗೆದು ಊರಾಚೆಯ ವೆಲ್ಡಿಂಗ್ ಅಂಗಡಿಗೆ ಕೊಂಡುಹೋದ. ಗೆಳೆಯನ ಜೀಪಿಗೆ ಎಂದು ಹೇಳಿ ಪೆಟ್ಟಿಗೆ ಮಾಡಲು ಕೊಟ್ಟ. ವೆಲ್ಡರು ಪ್ಲಾಸ್ಟರನ್ನು ತಿರುವಿ ತಿರುವಿ ನೋಡಿ, ‘ಇದು ಯಾವ ಪ್ರಾಣಿದು ಸಾರ್?’ ಎಂದು ಕೇಳಿದ್ದು ಬಿಟ್ಟರೆ ಬೇರೆ ತೊಂದರೆಯಾಗಲಿಲ್ಲ. ಪೆಟ್ಟಿಗೆಯ ಎತ್ತರವನ್ನು ಅವನು ವಿಶೇಷ ಗಮನ ಕೊಟ್ಟು ನಿಗದಿ ಮಾಡಿದ್ದ. ಮೇಲೆ ಚಾವಣಿಗೂ ಅದಕ್ಕೂ ಒಂದು ಗೇಣು ಮಾತ್ರ ಉಳಿಯಬೇಕು. ಮಾವ ಪೆಟ್ಟಿಗೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುವ ಸಾಧ್ಯತೆಯನ್ನು ತಳ್ಳಿಹಾಕುವಂತಿರಲಿಲ್ಲ.

ಮಾವ ಮುಂದೆ ಬಂದು ಕೂರುವ ಸಾಧ್ಯತೆಯನ್ನೂ ಅವನು ಬಿಡಲಿಲ್ಲ. ಊಟಕ್ಕೆ ಕೂತಾಗ ಹೆಂಡತಿಯನ್ನು ಹಗುರವಾಗಿ ಕೇಳಿದ: ‘ಒಂದಿನ ಮಾವ ಮುಂದೆ ಕೂರ್ಲಿ ಬಿಡೇ, ನೀನು ಹಿಂದೆ ಕೂತ್ಕೋ.’

‘ಹಿಂದೆ ಕೂತ್ರೆ ನನಗೆ ವಾಂತಿ ಬರುತ್ತೆ ಅಂತ ಗೊತ್ತಿಲ್ವಾ? ನಿಮ್ಮ ಕಾಲರ್ ಒಳಗೇ ಮಾಡ್ಲಾ?’

‘ಮುಂದಿನ ಸೀಟು ಅವಳದ್ದೇ ಕಣ್ರೀ’ ಎಂದು ಮಾವನೂ ಒಪ್ಪಿದರು. ‘ನಾನು ಹಿಂದಿದ್ರೇ ನಿಮ್ಮ ತಪ್ಪು ಪೂರ್ತಿ ಕಾಣೋದು.’

ಅಲ್ಲಿಗೆ ಅದೂ ಮುಗಿಯಿತು.

ಇನ್ನು ಕದ್ದ ಸೀಟನ್ನು ಏನು ಮಾಡುವುದು. ಹಲ್ಲುಮೇಸ್ತ್ರಿ ಇದರ ಮೇಲೆ ಒಂದು ವಾರ ಕಳೆದ. ಬಚ್ಚಿಟ್ಟರೆ ಒಂದಲ್ಲ ಒಂದು ದಿನ ಯಾರೋ ಬಾಗಿಲು ತೆಗೆಯುತ್ತಾರೆ. ಸುಟ್ಟರೆ ಹೊಗೆ. ಕೆರೆಗೆ ಎಸೆದರೆ ಸ್ಪಂಜು, ತೇಲುತ್ತದೆ. ಕಸದ ಗಾಡಿಯವರು ಸೀಟನ್ನು ಹಸಿ ಕಸವೆಂದೂ ಒಪ್ಪುವುದಿಲ್ಲ, ಒಣ ಕಸವೆಂದೂ ಒಪ್ಪುವುದಿಲ್ಲ. ಸೀಟು ಯಾರ ಕಣ್ಣಿಗೂ ಬೀಳದ ಜಾಗ ಒಂದೇ: ನೂರಾರು ಸೀಟುಗಳಿರುವ ಜಾಗ. ಊರಿನ ಇನ್ನೊಂದು ತುದಿಯಲ್ಲಿ ಗಾಡಿಗಳ ಹಳೇ ಸಾಮಾನು ಮಾರುವವನಿದ್ದ. ಅಂಗಡಿಯ ಮುಂದೆ ಬಸ್ಸು, ಕಾರು, ಲಾರಿಗಳ ಸೀಟು ಒಂದರ ಮೇಲೊಂದು ಏರಿ ಗುಡ್ಡೆಯಾಗಿದ್ದವು. ಅಲ್ಲಿಗೆ ಇದನ್ನೂ ಒಗೆದರೆ ಪೊಲೀಸರಲ್ಲ, ಹೆತ್ತ ಕಂಪನಿ ಬಂದರೂ ಹುಡುಕಲಾರದು. ಪುಕ್ಕಟೆ ಕೊಟ್ಟರೆ ಅನುಮಾನ ಬರುತ್ತದೆ, ಆದ್ದರಿಂದ ಚೌಕಾಸಿ ಮಾಡಿಯೇ ಮಾರಬೇಕು.

ಮುಖ ಮರೆಸುವುದಕ್ಕೆ ಟೋಪಿ, ಕಪ್ಪು ಕನ್ನಡಕಗಳನ್ನು ಅವನು ನಂಬಲಿಲ್ಲ. ಅವು ಬೇರೆಯವರ ಕಸುಬಿನ ಸಾಧನ. ತನ್ನ ಕಸುಬಿನಲ್ಲೇ ಇದಕ್ಕಿಂತ ಒಳ್ಳೆಯದಿತ್ತು. ಎರಡು ಮಧ್ಯಾಹ್ನ ಕೂತು, ತನ್ನ ಹಲ್ಲಿನ ಮೇಲೆಯೇ ಸಿಕ್ಕಿಸಿಕೊಳ್ಳುವ ಒಂದು ಉಬ್ಬುಹಲ್ಲಿನ ಸೆಟ್ಟು ಮಾಡಿದ. ಮುಂದಿನ ನಾಲ್ಕು ಹಲ್ಲು ಮಳೆ ತಡೆಯುವ ಚಾವಣಿಯ ಹಾಗೆ ಚಾಚಿದ್ದವು. ಹಾಕಿಕೊಂಡು ಕನ್ನಡಿ ನೋಡಿದ. ನೋಡಿದವರ ಕಣ್ಣು ಹಲ್ಲನ್ನು ಬಿಟ್ಟು ಮೇಲಕ್ಕೆ ಹೋಗುವ ಸಾಧ್ಯತೆಯೇ ಇರಲಿಲ್ಲ. ಕಣ್ಣು, ಮೂಗು, ಬಣ್ಣ, ಯಾವುದೂ ಯಾರಿಗೂ ನೆನಪಿರುವುದಿಲ್ಲ. ಕೆಲಸ ಮುಗಿದ ಮೇಲೆ ಅರೆಯುವ ಯಂತ್ರಕ್ಕೆ ಕೊಟ್ಟರೆ ಎರಡು ಚಮಚ ಗುಲಾಬಿ ಪುಡಿ.

ಮಂಗಳವಾರವನ್ನು ಆರಿಸಿಕೊಂಡ. ಮಂಗಳವಾರ ಡಾಕ್ಟರು ಬೇರೆ ಕ್ಲಿನಿಕ್ಕಿಗೆ ಹೋಗುತ್ತಾರೆ. ಹನ್ನೆರಡೂ ಮುಕ್ಕಾಲಿಗೆ ಒಸಡಿನ ಡಬ್ಬಿಗಳನ್ನು ಕುದಿಯಲು ಇಟ್ಟು, ಬಾಗಿಲಿಗೆ ‘ಒಳಗೆ ಕುದಿಯುತ್ತಿದೆ, ತೆರೆಯಬೇಡಿ’ ಎಂಬ ಬೋರ್ಡು ನೇತುಹಾಕಿದ. ಆ ಬೋರ್ಡು ಇದ್ದಾಗ ಅವನು ಒಳಗೇ ಇರುತ್ತಾನೆಂದು ಇಡೀ ಕಟ್ಟಡಕ್ಕೆ ಗೊತ್ತು. ಹಿಂದಿನ ಮೆಟ್ಟಿಲಿಳಿದು ನೆಲಮಾಳಿಗೆಯ ಪಾರ್ಕಿಂಗಿಗೆ ಬಂದ. ಸನ್ನೆ, ಮೊಣಕಾಲು, ಬಲ ಚಿಲಕ. ಎರಡು ನಿಮಿಷ ಐವತ್ತು ಸೆಕೆಂಡು. ಜನರೇಟರ್ ಇಟ್ಟ ಮೂಲೆಯಲ್ಲಿ ಸೀಟಿನ ಕಂದು ಕವರು ಕಿತ್ತು, ತಲೆ ಆನಿಸುವ ಕಡೆ ಮಾವನ ತಲೆಯೆಣ್ಣೆ ಇಳಿದು ಆಗಿದ್ದ ನಕ್ಷೆಯನ್ನು ರಾಸಾಯನಿಕ ಹಾಕಿ ಒರೆಸಿ, ಮೇಲೆ ಹೊಸ ಕಪ್ಪು ಕವರು ಎಳೆದ. ಕಂದು ಕವರನ್ನು ಕತ್ತರಿಸಿ ಕ್ಲಿನಿಕ್ಕಿನ ಹಳದಿ ಚೀಲಕ್ಕೆ ತುಂಬಿದ. ಹಳದಿ ಚೀಲದಲ್ಲಿ ರಕ್ತದ ಹತ್ತಿ ಇರುತ್ತದೆ, ಅದನ್ನು ಯಾರೂ ಬಿಚ್ಚುವುದಿಲ್ಲ, ಸಂಜೆ ಗಾಡಿ ಬಂದು ಸುಡಲು ಒಯ್ಯುತ್ತದೆ. ಆ ಚೀಲದ ಬಾಯಿ ಕಟ್ಟುವಾಗ ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಹಿಂದಿನ ಗೇಟಿನಲ್ಲಿ ಗೂಡ್ಸ್ ಆಟೋ ಹಿಡಿದು, ದಾರಿಯಲ್ಲಿ ಹಲ್ಲು ಹಾಕಿಕೊಂಡ.

‘ಏನಿದು?’ ಎಂದ ಹಳೇ ಸಾಮಾನಿನವನು, ಹಲ್ಲನ್ನೇ ನೋಡುತ್ತ.

‘ಥೀಟು’ ಎಂದ ಹಲ್ಲುಮೇಸ್ತ್ರಿ. ನಾಲಗೆಗೆ ಜಾಗ ಸಾಲದೆಂಬುದು ಮಾತಾಡುವವರೆಗೆ ಗೊತ್ತಾಗಿರಲಿಲ್ಲ.

‘ಏನು?’

‘ಥೀಟು ಥಾರ್. ಹಿಂದಿನ ಥೀಟು. ಗಾಡಿ ಮಾರ್ಬಿಟ್ಟೆ, ಇದು ಉಳೀತು.’

ಅಂಗಡಿಯವನು ಸೀಟಿನ ಸುತ್ತ ಒಂದು ಸುತ್ತು ಬಂದು, ಕಾಲಿನಿಂದ ತಟ್ಟಿ, ಒಂದು ಬೆಲೆ ಹೇಳಿದ. ಹಲ್ಲುಮೇಸ್ತ್ರಿ ‘ಥ್ವಲ್ಪ ಜಾಥ್ತಿ ಮಾಡಿ’ ಎಂದ. ಅಂಗಡಿಯವನು ಮಾತು ಮುಗಿದರೆ ಸಾಕೆನ್ನುವ ಹಾಗೆ ಜಾಸ್ತಿ ಮಾಡಿದ. ಒಂದೂವರೆಗೆ ಹಲ್ಲುಮೇಸ್ತ್ರಿ ಬೋರ್ಡಿನ ಹಿಂದೆ ಇದ್ದ. ಎರಡಕ್ಕೆ ಹಲ್ಲು ಪುಡಿಯಾಗಿತ್ತು.

ಸಂಜೆ ಅವನು ಖಾಲಿ ಜೀಪು ಮನೆಗೆ ತಂದು, ‘ಅಯ್ಯಯ್ಯೋ, ಬನ್ರೋ ಇಲ್ಲಿ’ ಎಂದು ಕೂಗಿದ. ಕೂಗನ್ನು ಸ್ವಲ್ಪ ಕಡಿಮೆ ಮಾಡಬಹುದಿತ್ತೇನೋ. ಮಾವ ಬಂದು, ಸೀಟಿದ್ದ ಜಾಗದಲ್ಲಿ ಇಣುಕಿ ನೋಡಿ, ಚಪ್ಪಲಿ ಹಾಕಿಕೊಂಡರು.

‘ಎಲ್ಲಿಗೆ ಅಪ್ಪ?’ ಎಂದಳು ಹೆಂಡತಿ.

‘ಸ್ಟೇಷನ್ನಿಗೆ.’

ಅವನು ಇದನ್ನೂ ನಿರೀಕ್ಷಿಸಿದ್ದ. ದೂರು ಕೊಡುವ ಕಳ್ಳನನ್ನು ಯಾರೂ ಅನುಮಾನಿಸುವುದಿಲ್ಲ. ಮುಂದಿನ ಸೀಟಿನಲ್ಲಿ ಮಾವನನ್ನು ಕೂರಿಸಿಕೊಂಡು ತಾನೇ ಕರೆದುಕೊಂಡು ಹೋದ. ಸ್ಟೇಷನ್ನಿನಲ್ಲಿ ಒಬ್ಬ ಹೆಡ್ ಕಾನ್ಸ್‌ಟೇಬಲ್ ಫ್ಯಾನಿನ ಕೆಳಗೆ ಕಾಗದಗಳ ಮೇಲೆ ಲೋಟ, ಬೀಗ, ಲಾಠಿ ಇಟ್ಟು ಬರೆಯುತ್ತಿದ್ದರು.

‘ಜೀಪು ಹೋಯ್ತಾ?’ ಎಂದರು, ದೂರನ್ನು ಅರ್ಧ ಕೇಳಿಸಿಕೊಂಡು.

‘ಜೀಪು ಇದೆ. ಸೀಟು ಹೋಗಿದೆ’ ಎಂದರು ಮಾವ.

‘ಜೀಪು ಬಿಟ್ಟು ಸೀಟು ಹೊತ್ಕೊಂಡು ಹೋದ್ನಾ?’

‘ಹೌದು.’

ಹೆಡ್ ಕಾನ್ಸ್‌ಟೇಬಲ್ ಪೆನ್ನು ಕೆಳಗಿಟ್ಟರು. ‘ಕಾಲು ನೋವಿತ್ತೇನೋ ಪಾಪ. ಯಾರ ಮೇಲಾದ್ರೂ ಅನುಮಾನ?’

‘ಇದೆ’ ಎಂದರು ಮಾವ. ‘ನನ್ನ ಹತ್ರ ಕಲಿತು ಟೆಸ್ಟಲ್ಲಿ ಫೇಲಾದವರು.’

‘ಎಷ್ಟು ಜನ?’

‘ಮೂವತ್ತೊಂದು ವರ್ಷ ಸಾರ್. ಬರ್ಕೊಳ್ತೀರಾ?’

ಹೆಡ್ ಕಾನ್ಸ್‌ಟೇಬಲ್ ಅವರ ಮುಖವನ್ನು ಈಗ ಸರಿಯಾಗಿ ನೋಡಿದರು. ನಿಧಾನವಾಗಿ ಎದ್ದು ನಿಂತರು. ‘ಮೇಷ್ಟ್ರೇ! ನಾನು ಮೂರನೇ ಸಲಕ್ಕೆ ಪಾಸಾದೆ. ನೆನಪಿಲ್ವಾ? ಕಂಬಕ್ಕೆ ಗುದ್ದಿದ್ದೆ.’

‘ನೀನಾ? ಕಂಬಕ್ಕಲ್ಲ, ಗೋಡೆಗೆ. ಕಂಬ ಇನ್ನೊಬ್ಬ.’

ಆ ಮೇಲೆ ದೂರು ಚೆಂದದ ಅಕ್ಷರದಲ್ಲಿ ದಾಖಲಾಯಿತು. ಹಲ್ಲುಮೇಸ್ತ್ರಿ ಸಾಕ್ಷಿಯಾಗಿ ಸಹಿ ಹಾಕಿದ.

ಮುಂದಿನ ದಿನಗಳು ಅವನಿಗೆ ಬಹಳ ಸುಖದವು. ನಾಲ್ಕು ದಿನ ತಾಳಿ, ಐದನೆಯ ದಿನ ವೆಲ್ಡರನ ಅಂಗಡಿಯಿಂದ ಪೆಟ್ಟಿಗೆ ತಂದ. ಯಾರೋ ಮಾಡಿಸಿ ತೆಗೆದುಕೊಂಡು ಹೋಗದೆ ಬಿದ್ದಿತ್ತು, ಸೀಟು ಸಿಗುವ ತನಕ ಇರಲಿ ಎಂದು ಇಸ್ಕೊಂಡೆ ಎಂದ. ಪೆಟ್ಟಿಗೆ ನಾಲ್ಕೂ ಗುಳಿಗಳಿಗೆ ಟಕ್ಕೆಂದು ಇಳಿಯಿತು.

‘ಜೀಪಿನ ಜೊತೆಗೇ ಹುಟ್ಟಿದ ಹಾಗಿದೆಯಲ್ರೀ’ ಎಂದಳು ಹೆಂಡತಿ.

‘ಅದೃಷ್ಟ’ ಎಂದ.

ಮಾವ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಜೀಪಿನ ಪಕ್ಕ ಕೂರತೊಡಗಿದರು. ನಿಂತ ಜೀಪಿನ ಪಕ್ಕ, ಅದೇ ದಿಕ್ಕಿಗೆ ಮುಖ ಮಾಡಿ. ಒಂದೊಂದು ಸಲ ಅವರ ಬಲಗಾಲು ತಂತಾನೆ ನೆಲವನ್ನು ಒತ್ತುತ್ತಿತ್ತು. ಇದನ್ನು ಕಂಡು ಹಲ್ಲುಮೇಸ್ತ್ರಿಗೆ ಒಂಥರಾ ಆಗುತ್ತಿತ್ತು. ಆಗ ಅವನು ಕೋಣೆಯ ಮೂಲೆಯಲ್ಲಿದ್ದ ಮೂರು ಚಕ್ರದ ಸೈಕಲ್ಲನ್ನು ನೋಡಿಕೊಳ್ಳುತ್ತಿದ್ದ, ಸರಿಹೋಗುತ್ತಿತ್ತು.

ಓಟಕ್ಕೆ ಒಂದು ವಾರ ಇದ್ದಾಗ ಮಾವ ತಾವಾಗಿಯೇ ಹೇಳಿದರು: ‘ಈ ಸಲ ನೀವಿಬ್ರೇ ಹೋಗ್ಬನ್ನಿ. ನನ್ನ ಸಲುವಾಗಿ ನಿಲ್ಲಬೇಡಿ. ಹತ್ತುವಾಗ ಅರ್ಧದಲ್ಲಿ ಗೇರ್ ಮುಟ್ಟಬೇಡಿ, ಅಷ್ಟೇ ನಾನು ಹೇಳೋದು.’

‘ಬೇಜಾರು ಮಾಡ್ಕೋಬೇಡಿ ಮಾವ. ಮುಂದಿನ ವರ್ಷ ನೋಡೋಣ’ ಎಂದ ಅಳಿಯ. ದುಃಖದ ದನಿ ತೆಗೆಯುವುದೂ ಅವನಿಗೆ ಈಗ ಬರುತ್ತಿತ್ತು.

ಶನಿವಾರ ಬೆಳಗ್ಗೆ ಏಳಕ್ಕೆ ಅವರು ಹೊರಟಾಗ ಮಾವ ಮನೆಯಲ್ಲಿರಲಿಲ್ಲ. ವಾಕಿಂಗ್ ಹೋಗಿದ್ದಾರೆ ಎಂದಳು ಹೆಂಡತಿ, ಕಿಟಕಿಯ ಕಡೆ ನೋಡುತ್ತ. ಬೀಳ್ಕೊಡಲು ಮನಸ್ಸು ಬಂದಿರಲಿಕ್ಕಿಲ್ಲ ಎಂದುಕೊಂಡ ಅವನು. ಊರಾಚೆ ಹೋಗುತ್ತ ಒಂದು ತಿರುವನ್ನು ಬೇಕೆಂದೇ ಜೋರಾಗಿ ತೆಗೆದುಕೊಂಡ. ಬೆನ್ನಿಗೆ ಏನೂ ತಾಗಲಿಲ್ಲ. ಹಿಂದೆ ಡ್ರಾಯರಿನೊಳಗೆ ಸಲಿಕೆ ಕೂಡ ಸದ್ದು ಮಾಡಲಿಲ್ಲ. ಅವನು ಸಿಳ್ಳೆ ಹಾಕಿದ. ಆ ಕಲ್ಲು ಏರು, ಮೇಲೆ ನಿಂತು ನೋಡುವ ಹತ್ತು ಜೀಪಿನವರು, ಅವರ ಬಾಯಿ ತೆರೆದಿರುವ ರೀತಿ, ಎಲ್ಲವೂ ಅವನ ಕಣ್ಣ ಮುಂದಿತ್ತು.

ಪೆಟ್ರೋಲ್ ಬಂಕಿನ ಪಕ್ಕದ ಬಯಲಿನಲ್ಲಿ ಹತ್ತು ಜೀಪುಗಳು ಆಗಲೇ ಸಾಲಾಗಿದ್ದವು. ಕ್ಲಬ್ಬಿನ ಮುಂದಾಳು, ಎಲ್ಲರೂ ಕ್ಯಾಪ್ಟನ್ ಎಂದು ಕರೆಯುವವನು, ಕೈ ಬೀಸುತ್ತ ಓಡಿಬಂದ.

‘ಮೇಸ್ತ್ರೀ, ಇಳಿ ಇಳಿ. ನಿನಗೊಂದು ತೋರಿಸ್ಬೇಕು. ಅಕ್ಕ, ನೀವು ಹೇಳಿಲ್ಲ ತಾನೇ?’

‘ಇಲ್ಲಪ್ಪ’ ಎಂದಳು ಹೆಂಡತಿ, ನಗು ತಡೆಯಲಾರದೆ. ‘ಬಾಯಿ ಹೊಲ್ಕೊಂಡು ಕೂತಿದ್ದೆ.’

ಕ್ಯಾಪ್ಟನ್ನನ ಜೀಪಿನ ಹಿಂಭಾಗ ವರ್ಷಗಳಿಂದ ಖಾಲಿ. ಅವನ ಸೀಟನ್ನು ಎಂದೋ ಗೋಡೌನಿನಲ್ಲಿ ಇಲಿ ತಿಂದು ಮುಗಿಸಿತ್ತು. ಈಗ ಅಲ್ಲೊಂದು ಕಪ್ಪು ಸೀಟಿತ್ತು. ಸೀಟಿನ ಮೇಲೆ ಮಾವ ಇದ್ದರು. ಅವರ ಕೈಯಲ್ಲಿ ವೈರ್‌ಲೆಸ್ಸಿನ ಮೈಕು ಇತ್ತು.

‘ಗುರುಗಳು ಫೋನ್ ಮಾಡಿ, ಯಾರ ಗಾಡೀಲಾದ್ರೂ ಒಂದು ಜಾಗ ಸಿಗುತ್ತಾ ಅಂತ ಕೇಳಿದ್ರು’ ಎಂದ ಕ್ಯಾಪ್ಟನ್. ‘ನನಗೆ ಡ್ರೈವಿಂಗ್ ಕಲಿಸಿದವರು ಕಣಯ್ಯ. ಮನಸ್ಸು ತಡೀಲಿಲ್ಲ, ಈ ಸೀಟು ಕೊಂಡು ಹಾಕಿಸ್ದೆ. ಎಲ್ಲಾ ಗಾಡಿಗೂ ವೈರ್‌ಲೆಸ್ ಇದೆ, ಇವತ್ತು ಹನ್ನೊಂದಕ್ಕೂ ಗುರುಗಳೇ ದಾರಿ ಹೇಳೋದು.’

‘ಅಳಿಯಂದ್ರೇ’ ಎಂದು ಮಾವನ ದನಿ ಹನ್ನೊಂದು ಜೀಪಿನೊಳಗಿಂದ ಏಕಕಾಲಕ್ಕೆ ಬಂತು, ‘ಆ ತಿರುವನ್ನ ನಾನು ಇಲ್ಲಿಂದ್ಲೇ ನೋಡಿದೆ.’

ಹಲ್ಲುಮೇಸ್ತ್ರಿ ಜೀಪಿಗೆ ಕೈಯಾನಿಸಿ ನಿಂತ. ಏರಿನ ಆಸೆ ಮುಗಿಯಿತು, ಅದು ಸ್ಪಷ್ಟ. ಆದರೆ ಆಸೆ ಬೇರೆ, ಅಪರಾಧ ಬೇರೆ. ಅಪರಾಧ ಇನ್ನೂ ಚೊಕ್ಕವಾಗಿಯೇ ಇದೆ ಎಂದು ತನಗೆ ತಾನೇ ಹೇಳಿಕೊಂಡ. ಅಷ್ಟರಲ್ಲಿ ಮಾವ ಮೈಕು ಕೆಳಗಿಟ್ಟರು. ಕೂತಲ್ಲೇ ಒಮ್ಮೆ ಕುಪ್ಪಳಿಸಿದರು. ಬಲಕ್ಕೆ ಸರಿದು ಇನ್ನೊಮ್ಮೆ ಕುಪ್ಪಳಿಸಿದರು. ಮುಖದಲ್ಲಿ ನಗು ಹೋಗಿ, ಡಾಕ್ಟರು ಹೊಟ್ಟೆ ಒತ್ತಿ ನೋಡುವಾಗಿನ ಗಂಭೀರತೆ ಬಂತು.

‘ಇದು ನಮ್ಮ ಸೀಟು’ ಎಂದರು.

‘ಛೆ ಛೆ, ಅದು ಹೇಗಾಗುತ್ತೆ ಮಾವ’ ಎಂದ ಅವನು. ‘ನಮ್ಮದು ಕಂದು. ಇದು ಕಪ್ಪು.’

‘ಬಣ್ಣದ ಮೇಲೆ ನಾನು ಕೂತಿರ್ಲಿಲ್ಲ ಅಳಿಯಂದ್ರೇ. ಐದು ವರ್ಷ ಸ್ಪ್ರಿಂಗಿನ ಮೇಲೆ ಕೂತಿದೀನಿ. ಎಡಗಡೆ ಮೂರನೇದು ಚುಚ್ಚುತ್ತೆ.’

‘ಹಳೇ ಸೀಟೆಲ್ಲ ಚುಚ್ಚುತ್ತೆ ಮಾವ.’

‘ಇದನ್ನ ಮಾರಿದವನಿಗೆ ಹಲ್ಲು ಇಷ್ಟುದ್ದ ಇತ್ತಂತೆ’ ಎಂದು ಕ್ಯಾಪ್ಟನ್ ಬೆರಳು ಚಾಚಿ ತೋರಿಸಿದ. ‘ಥೀಟು, ಥೀಟು ಅಂತಿದ್ನಂತೆ. ಹಳೇ ಸಾಮಾನಿನವನು ಇನ್ನೂ ನಗ್ತಿದಾನೆ.’

ಮಾವ ನಗಲಿಲ್ಲ. ‘ಹೊಸ ಹಲ್ಲು ಕಟ್ಟಿಸ್ಕೊಂಡಾಗ ನಾನೂ ಹದಿನೈದು ದಿನ ಹಾಗೇ ಮಾತಾಡ್ತಿದ್ದೆ’ ಎಂದು ನಿಧಾನವಾಗಿ ಹೇಳಿದರು. ಹೆಂಡತಿ ಮೊದಲು ಅಪ್ಪನನ್ನು ನೋಡಿದಳು. ಆಮೇಲೆ ಗಂಡನ ಬಾಯಿಯನ್ನು ನೋಡಿದಳು. ಅವನು ಬಾಯಿ ಮುಚ್ಚಿಕೊಂಡ. ಆದರೂ ಒಂದು ದಾರಿ ಉಳಿದಿತ್ತು, ಅದನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡ. ‘ಮಾವ, ಊರಲ್ಲಿ ಎಷ್ಟು ಸಾವಿರ ಗಾಡಿ, ಎಷ್ಟು ಸಾವಿರ ಸೀಟು! ಆ ಅಂಗಡಿ ಮುಂದೇನೇ ಒಂದು ಗುಡ್ಡೆ ಬಿದ್ದಿದೆ. ಇದು ನಮ್ಮದೇ ಅಂತ ಯಾವನು ಹೇಳೋಕಾಗುತ್ತೆ?’

‘ಆ ಅಂಗಡಿಯವನೇ ಹೇಳಿದ’ ಎಂದ ಕ್ಯಾಪ್ಟನ್, ಏನೂ ಅರಿಯದ ಹುರುಪಿನಲ್ಲಿ. ‘ಈ ಕೊಕ್ಕೆ ನಮ್ಮ ಮಾಡೆಲ್ ಬಿಟ್ಟು ಬೇರೆ ಯಾವ ಗಾಡಿಗೂ ಕೂರಲ್ವಂತೆ. ಕಂಪನಿ ಇದನ್ನ ನಿಲ್ಲಿಸಿ ಎಷ್ಟೋ ವರ್ಷ ಆಯ್ತು, ಊರಲ್ಲಿ ಉಳಿದಿರೋದೇ ಹನ್ನೊಂದು, ಹನ್ನೊಂದೂ ಇಲ್ಲೇ ನಿಂತಿವೆ. ಕೊಳ್ಳೋಕೆ ನಮ್ಮನ್ನ ಬಿಟ್ಟು ಇನ್ಯಾರು ಬರ್ತಾರೆ ಅಂತ, ಸೀಟು ಬಂದ ಸಾಯಂಕಾಲವೇ ನನಗೆ ಫೋನ್ ಮಾಡಿದ.’ ಹಲ್ಲುಮೇಸ್ತ್ರಿ ಸಾಲನ್ನು ನೋಡಿದ. ಎಲ್ಲ ಜೀಪಿನವರೂ ಇಳಿದು ಹತ್ತಿರ ಬಂದಿದ್ದರು, ಒಬ್ಬೊಬ್ಬರೇ ತಮ್ಮ ಗಾಡಿಯ ಹಿಂಭಾಗಕ್ಕೆ ಕಣ್ಣು ಹಾಯಿಸಿ, ತಮ್ಮ ಸೀಟು ತಮ್ಮಲ್ಲೇ ಇದೆಯೆಂದು ನೋಡಿಕೊಂಡು, ಕೊನೆಗೆ ಅವನ ಜೀಪಿನಲ್ಲಿ ಕೂದಲೆಳೆಯ ಸಂದೂ ಇಲ್ಲದೆ ಕೂತಿದ್ದ ಪೆಟ್ಟಿಗೆಯ ಮೇಲೆ ಕಣ್ಣು ನಿಲ್ಲಿಸುತ್ತಿದ್ದರು. ಮಾವ ಸೀಟಿನಿಂದ ಇಳಿದು, ಪಂಚೆ ಸರಿಮಾಡಿಕೊಂಡು, ಜೇಬಿನಿಂದ ಮೊಬೈಲು ತೆಗೆದು ಹೆಡ್ ಕಾನ್ಸ್‌ಟೇಬಲ್ಲರ ನಂಬರು ಹುಡುಕಿ ಹೆಬ್ಬೆರಳನ್ನು ಅದರ ಮೇಲೆ ಹಿಡಿದರು. ‘ಅಳಿಯಂದ್ರೇ, ಪೆಟ್ಟಿಗೆ ಇಳಿಸ್ತೀರೋ, ಇಲ್ಲ ಇದನ್ನ ಒತ್ತಲೋ?’